ಹೂಂ

ಹಗರಿ ದಾಟಿ ನಮ್ಮ ಮೂವತ್ತಮೂರು ಕೆವಿ ಲೈನು
ಎರೆಹೊಲಕ್ಕೆ ಇಳಿಯುತ್ತದಲ್ಲ, ಅಲ್ಲಿ,
ನೂರಾ ಹದಿನೇಳನೇ ಕಂಬದ ಬುಡದಲ್ಲಿ ಬಿದ್ದಿತ್ತು.
ಕುರಿ ಕಾಯುವ ಹುಡುಗ ಫೋನು ಮಾಡಿದ್ದ:
"ಲೈನ್‌ಮನ್ ಸಾರು, ನವಿಲು ಸತ್ತೈತಿ."

ನವಿಲಲ್ಲ.
ಬೂದು ಕುತ್ತಿಗೆ, ನೆತ್ತಿಗೊಂದು ಕರೀ ಟೋಪಿ,
ಒಣಹುಲ್ಲಿನ ಬಣ್ಣದ ಬೆನ್ನು.
ಎತ್ತಿಕೊಂಡರೆ ಐದು ತಿಂಗಳ ಕೂಸಿನಷ್ಟು ಭಾರ,
ಕೂಸಿನ ಹಾಗೇ ಕತ್ತು ಹಿಂದಕ್ಕೆ ವಾಲಿತು,
ಅಂಗೈ ಕೊಟ್ಟು ಹಿಡಿದೆ.
ಎರೆಭೂತ.
ಎರೆಯಲ್ಲಿ ಕಂಡಿತು ಅನ್ನುವಷ್ಟರಲ್ಲಿ ಎರೆಯೇ ಆಗಿಬಿಡುವುದಕ್ಕೆ
ನಮ್ಮ ಸೀಮೆ ಇಟ್ಟ ಹೆಸರು.

ಲಾಗ್‌ಬುಕ್ಕಿನಲ್ಲಿ ಬರೆದೆ:
ಬೆಳಿಗ್ಗೆ ಆರೂ ಹತ್ತು. ಹಕ್ಕಿ ತಾಗಿ ಟ್ರಿಪ್. ನಾಲ್ಕು ನಿಮಿಷ. ಸರಿಪಡಿಸಲಾಗಿದೆ.

ಫಾರೆಸ್ಟ್ ಗಾರ್ಡ್ ಮಾಬುನ್ನಿ ಸಿರುಗುಪ್ಪದಿಂದ ಸ್ಕೂಟಿಯಲ್ಲಿ ಬಂದಳು,
ಮಡಿಚಿದ ಗೋಣಿಚೀಲ ಕಾಲ ಬಳಿ.
ರೆಪ್ಪೆ ಬಿಡಿಸಿ ತೋರಿಸಿದಳು:
"ನೋಡಣ್ಣ, ಕಣ್ಣು ಪಕ್ಕದಾಗ ಅದಾವು. ಎದುರಿಂದು ಕಾಣಂಗಿಲ್ಲ ಇದಕ್ಕ."

ಎಡಗಣ್ಣಿಗೆ ಕಾಲುವೆ ಕಂಡಿರಬೇಕು, ಅದರಾಚೆ ಭತ್ತದ ಮಡಿ,
ರೈಸ್‌ಮಿಲ್ಲಿನ ಹೊಟ್ಟಿನ ಗುಡ್ಡ.
ಬಲಗಣ್ಣಿಗೆ ಮೆಣಸಿನಕಾಯಿ ಹೊಲ, ಸೋಲಾರಿನ ಗಾಜು,
ನನ್ನದೇ ಹಳೇ ಖಾಕಿ ತೊಟ್ಟು ನಿಂತ ಬೆದರುಬೊಂಬೆ.
ಆ ಕಡೆ ಈ ಕಡೆ ಇಳಿಯಲು ಜಾಗ ಹುಡುಕುತ್ತಾ ಹುಡುಕುತ್ತಾ
ಎದುರಿಗೆ ನಾನು ಬಿಗಿದ ತಂತಿ.

ಹೌದು, ನಾನೇ ಬಿಗಿದದ್ದು.
ಲೈನು ಚಾರ್ಜಾದ ದಿನ ಊರವರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಿಸಿ
ಹೆಗಲಿಗೆ ಟವೆಲ್ ಹೊದಿಸಿದ್ದರು.
ಅವತ್ತು ಅದೇ ಟವೆಲ್ಲಿನಲ್ಲಿ ಹಕ್ಕಿಯ ಕೊಕ್ಕು ಒರೆಸಿದೆ.
ಈ ಲೈನಿನ ಬೆಳಕಲ್ಲೇ ನನ್ನ ಮಗಳು ಮಗ್ಗಿ ಕಲಿತದ್ದು.
ತಪ್ಪು ಅನ್ನಲಾರೆ. ಅನ್ನದೆಯೂ ಇರಲಾರೆ.

ಮಾಬುನ್ನಿ ಬುತ್ತಿ ಬಿಚ್ಚಿದಳು.
ಕಟಕಲು ರೊಟ್ಟಿ ಮುರಿದು ಬದುವಿನ ಮೇಲೆ ದೂರ ದೂರ ಇಟ್ಟಳು.
"ಇದು ಹಗರಿ ದಂಡಿ ಹುಲ್ಲು. ಇದು ಕೆರಿ ಹಿಂದಿಂದು.
ಇದು ಗುಡ್ಡದ ಬುಡದಾಗಿಂದು.
ಕೂಡಿಸಿದರ ರೊಟ್ಟಿ ಅಷ್ಟೇ ಐತಿ.
ಒಂದೊಂದು ತುಣುಕು ಒಂದೊಂದು ಊರಾಗ ಇಟ್ಟರ
ಯಾರ ಹೊಟ್ಟಿ ತುಂಬತೈತಿ, ನೀನೇ ಹೇಳು."

ಪಹಣಿಯಲ್ಲಿ ಆ ತುಣುಕುಗಳಿಗೆಲ್ಲ ಒಂದೇ ಹೆಸರು, ಖರಾಬು.
ಅ ಖರಾಬು, ಬ ಖರಾಬು.
ವರ್ಷಕ್ಕೊಂದೇ ಮೊಟ್ಟೆ, ಅದನ್ನೂ ಬರೀ ನೆಲಕ್ಕಿಟ್ಟು
ಮಣ್ಣನ್ನೇ ನಂಬಿ ಕೂರುವ ಹಕ್ಕಿಗೆ
ಅದಕ್ಕಿಂತ ಒಳ್ಳೇ ಜಾಗ ಇರಲಿಲ್ಲ.

"ಇನ್ನ ಎಷ್ಟು ಉಳದಾವು?" ಕೇಳಿದೆ.
ಬೆರಳು ಮಡಿಚತೊಡಗಿದಳು.
ಮುಷ್ಟಿ ಪೂರ್ತಿ ಆಗಲಿಲ್ಲ.

ಅಜ್ಜಿ ಹುಲಿಗೆವ್ವ ಕಥೆ ಹೇಳುವಾಗ ಹೂಂಗುಟ್ಟಬೇಕಿತ್ತು ನಾವು.
ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು, ರಾಜಕುಮಾರಿ ಬಾವಿಯಲ್ಲಿದ್ದರೂ ಸರಿ.
ಮುಂಗಾರಿನಲ್ಲಿ ಗಂಡು ಎರೆಭೂತ ಗಂಟಲ ಚೀಲ ಉಬ್ಬಿಸಿ
ಹೊಲದ ಆ ತುದಿಯಿಂದ ಹೂಂ ಅನ್ನುತ್ತಿತ್ತು,
ನಾವು ನಿದ್ದೆಗೆ ಜಾರಿದ ಮೇಲೂ.
"ನಿಮಗಿಂತ ಅದ ಚಲೋ," ಅನ್ನುತ್ತಿದ್ದಳು,
"ಇನ್ನಾ ಕೇಳಾಕತ್ತೈತಿ."

ಮೊನ್ನೆ ಸ್ಟೇಷನ್ನಿನಲ್ಲಿ ರಾತ್ರಿ ಪಾಳಿ.
ಬೆಳಗಿನ ಜಾವ, ಬೇಲಿಯಾಚೆ ಹೂಂ ಅಂದ ಹಾಗಾಯಿತು.
ಟ್ರಾನ್ಸ್‌ಫಾರ್ಮರೂ ಹಾಗೇ ಅನ್ನುತ್ತದೆ,
ಇಡೀ ರಾತ್ರಿ, ಕಥೆಯಿರಲಿ ಇಲ್ಲದಿರಲಿ.
ಯಾವುದು ಯಾವುದೆಂದು ತಿಳಿಯದೆ
ಬ್ರೇಕರ್ ಇಳಿಸಿದೆ.

ಕತ್ತಲು ಒಮ್ಮೆಗೇ ದೊಡ್ಡದಾಯಿತು.
ಹುಳದ ಸದ್ದು. ಎಲ್ಲೋ ಒಂದು ನಾಯಿ.
ಒಂದು ನಿಮಿಷ. ಎರಡು.
ಮೂರನೆಯದು ಮುಗಿಯುವಾಗ, ದೂರದಲ್ಲಿ,
ನೆಲದೊಳಗಿಂದ ಬಂದಂತೆ

ಫೋನು ಬಡಿದುಕೊಂಡಿತು.
"ಲೈನ್‌ಮನ್ ಸಾರು, ಕರೆಂಟು ಹೋತಲ್ಲ,
ಮಡ್ಯಾಗ ನೀರು ಬಿಟ್ಟೀನಿ, ಕೇಳಾಕತ್ತೀರೇನು?"

ಹೂಂ, ಅಂದೆ.